ನೆಲ ನೋಡಿ ಚೆಂಡು

ಕೆಲವು ವರ್ಷಗಳ ಹಿಂದೆ ಟಿಕೋಟಾದ ಒಂದು ಬಯಲಿನಲ್ಲಿ ಹುಡುಗರ ಕ್ರಿಕೆಟ್ ಪಂದ್ಯ ನಡೆದಿತ್ತು. ಹನ್ನೊಂದು ಮಂದಿ ರೊಕ್ಕ ಕೂಡಿಸಿ, ಬಸ್ಸು ಹಿಡಿದು ವಿಜಯಪುರಕ್ಕೆ ಬಂದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ತುಟ್ಟಿಯ ಲೆದರ್ ಬಾಲ್ ಒಯ್ದಿದ್ದರು. ನಾಲ್ಕು ತುಂಡು ಚರ್ಮದ್ದು, ಕೈಹೊಲಿಗೆಯದು, ಕೆಂಪಗೆ ಮಿರಿಮಿರಿ ಮಿಂಚುವಂಥದ್ದು. ಆಟ ಶುರುವಾಗುವ ಮೊದಲು ಒಬ್ಬೊಬ್ಬರೂ ಅದನ್ನು ಮೂಸಿ ನೋಡಿದರು. ಹನ್ನೆರಡನೆಯ ಓವರಿನ ಹೊತ್ತಿಗೆ ಅದರ ಮೈಯೆಲ್ಲ ಕಿತ್ತು, ಒಂದು ಕಡೆ ಹೊಲಿಗೆ ಬಾಯಿಬಿಟ್ಟು, ಒಳಗಿನ ದಾರ ಹೊರಗೆ ಇಣುಕುತ್ತಿತ್ತು. ಬೌಲಿಂಗ್ ಮಾಡುತ್ತಿದ್ದ ಹುಡುಗ ಅದನ್ನು ತಂದು ನನ್ನ ಅಂಗೈಯಲ್ಲಿಟ್ಟ.

"ಸರ್, ಅಂಗಡ್ಯಾಂವ ಮೋಸ ಮಾಡ್ಯಾನ್ರೀ. ಇದು ಡುಪ್ಲಿಕೇಟ್ ಐತ್ರಿ."

ತಿರುಗಿಸಿ ತಿರುಗಿಸಿ ನೋಡಿದೆ. ಮೋಸವೇನೂ ಆಗಿರಲಿಲ್ಲ. ಉಳಿದ ಕಡೆ ಹೊಲಿಗೆ ಬಿಗಿಯಾಗಿತ್ತು, ಚರ್ಮ ಚಲೋ ಜಾತಿಯದೇ ಇತ್ತು. ಹುಲ್ಲು ಬೆಳೆಸಿ, ನೀರು ಹಾಕಿ, ರೋಲರ್ ಎಳೆದು ಹದ ಮಾಡಿದ ಪಿಚ್‌ಗಾಗಿ ಹೊಲಿದ ಚೆಂಡನ್ನು ನಾವು ಗರಸು ತುಂಬಿದ ಬರಿನೆಲದ ಮೇಲೆ ಬಡಿದಿದ್ದೆವು. ಆ ಹುಡುಗರಿಗೆ ಆಟ ಕಲಿಸುತ್ತಿದ್ದವನು ನಾನು. ಬೆರಳು ಹಿಡಿಯುವ ಬಗೆ ಹೇಳಿದ್ದೆ, ಓಡಿ ಬರುವ ಬಗೆ ಹೇಳಿದ್ದೆ. ಯಾವ ನೆಲಕ್ಕೆ ಯಾವ ಚೆಂಡು ಎಂಬುದನ್ನು ಹೇಳಿರಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ಅದನ್ನೇ.

ಈ ಮಾತು ನಮ್ಮ ವಿಜಯಪುರ ಜಿಲ್ಲೆಯವರಿಗೆ ಹೊಸದಲ್ಲ. ಎರಿ ಹೊಲಕ್ಕೆ ಏನು ಬಿತ್ತಬೇಕು, ಮಡ್ಡಿಗೆ ಏನು ಬಿತ್ತಬೇಕು ಎಂದು ಇಲ್ಲಿಯ ಯಾವ ರೈತನಿಗೂ ಹೊರಗಿನವರು ಕಲಿಸಬೇಕಾಗಿಲ್ಲ. ಡೋಣಿ ಹೊಳೆಯ ದಂಡೆಯ ಕರಿ ಎರಿ ಮಾಲದಂಡಿಯಂಥ ಹಿಂಗಾರಿಯ ಬಿಳಿಜೋಳಕ್ಕೆ ಎಂಥ ನೆಲ ಎಂದು ಎಲ್ಲರಿಗೂ ಗೊತ್ತು. ಅದೇ ಮಾಲದಂಡಿ ಜೋಳವನ್ನು ಕಲ್ಲುಮಡ್ಡಿಯಲ್ಲಿ ಬಿತ್ತಿ, ಬೆಳೆ ಬರಲಿಲ್ಲವೆಂದು ಬೀಜದ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವವರು ನಮ್ಮಲ್ಲಿಲ್ಲ. ಆದರೆ ಅದೇ ರೈತನ ಮಗ ಚೆಂಡು ಕೊಳ್ಳುವಾಗ ಮಾತ್ರ ನೆಲದ ವಿಚಾರ ಮರೆಯುತ್ತಾನೆ. ಟಿವಿಯಲ್ಲಿ ಕಂಡದ್ದು ಬೇಕೆನ್ನುತ್ತಾನೆ.

ಅಥಣಿ ರಸ್ತೆಯ ಗುಂಟ ಒಮ್ಮೆ ಹೋಗಿ ನೋಡಿ. ವಿಜಯಪುರ ದಾಟಿದರೆ ತೊರವಿ. ಅಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಇಬ್ರಾಹಿಂ ಆದಿಲ್‌ಶಾಹನ ಕಾಲದ ಸಂಗೀತ ಮಹಲು. ಮುಂದೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು, ಸುಮಾರು 20 ಕಿಲೋಮೀಟರಿಗೆ ಟಿಕೋಟಾ. ಇಷ್ಟೇ ದಾರಿಯಲ್ಲಿ ಹುಡುಗರು ಆಡುವ ನೆಲ ನಾಲ್ಕೈದು ಬಗೆಯದು ಸಿಗುತ್ತದೆ. ಸುಗ್ಗಿ ಮುಗಿದ ಎರಿ ಹೊಲ, ಬಿರುಕುಬಿಟ್ಟದ್ದು. ಶಾಲೆಯ ಅಂಗಳ, ಗರಸು ಹಾಕಿ ಗಟ್ಟಿ ಮಾಡಿದ್ದು. ಕೆಲವು ಕಡೆ ಸಿಮೆಂಟಿನ ಪಿಚ್. ಪುಣ್ಯವಿದ್ದಲ್ಲಿ ಸಿಮೆಂಟಿನ ಮೇಲೆ ಕಾಥಿಯ ಮ್ಯಾಟು. ರೋಲರ್ ಕಂಡ ಹುಲ್ಲಿನ ಪಿಚ್ ಬೇಕೆಂದರೆ ಬಹುತೇಕ ಊರು ಬಿಟ್ಟೇ ಹೋಗಬೇಕು. ಬಬಲೇಶ್ವರದ ಕಡೆಯಿಂದ ಬರುವ ಹುಡುಗರೂ ಇದೇ ಮಾತು ಹೇಳುತ್ತಾರೆ. ಇಷ್ಟು ಬಗೆಯ ನೆಲಕ್ಕೆ ಅವರ ಚೀಲದಲ್ಲಿರುವುದು ಒಂದೇ ಚೆಂಡು.

ಮೊದಲು ಲೆದರ್ ಬಾಲಿನ ಮೈಯ ವಿಚಾರ ಹೇಳುತ್ತೇನೆ, ಏಕೆಂದರೆ ಅದರ ಅರ್ಧ ಪಾಠವನ್ನು ನನಗೆ ಕಲಿಸಿದವರು ಇದೇ ರಸ್ತೆಯ ಆ ತುದಿಯವರು. ಅಥಣಿ ಚಪ್ಪಲಿಗೆ ಹೆಸರಾದ ಊರು. ಕೊಲ್ಹಾಪುರಿ ಚಪ್ಪಲಿ ಎಂದು ಜಗತ್ತು ಕರೆಯುವುದರಲ್ಲಿ ಎಷ್ಟೋ ಜೊತೆ ಅಥಣಿ, ನಿಪ್ಪಾಣಿಯ ಕಡೆಯ ಕೈಗಳಲ್ಲಿ ಹುಟ್ಟಿದವು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ಆ ಹರಿದ ಚೆಂಡನ್ನು ಜೇಬಿನಲ್ಲಿಟ್ಟುಕೊಂಡು ಒಮ್ಮೆ ಅಥಣಿಗೆ ಹೋಗಿದ್ದಾಗ, ಚಪ್ಪಲಿ ಹೊಲಿಯುತ್ತ ಕೂತಿದ್ದ ಹಿರಿಯರೊಬ್ಬರ ಮುಂದೆ ಹಿಡಿದೆ. "ಕಾಕಾ, ಇದನ್ನ ಹೊಲದ್ ಕೊಡ್ತೀರೇನ್ರಿ?" ಎಂದೆ.

ಅವರು ಹೊಲಿಯುವ ಮೊದಲು ಚರ್ಮದ ಹರಿದ ಅಂಚನ್ನು ಉಗುರಿನಿಂದ ಎತ್ತಿ ನೋಡಿದರು. "ನಮ್ಮ ಚರ್ಮ ಅಲ್ಲ ಇದು, ಮಾಸ್ತರ. ಒಳಗ ಬೆಳ್ಳಗ ಐತಿ ನೋಡ್ರಿ. ಪಟಿಕದಾಗ ಹದಾ ಮಾಡ್ಯಾರ" ಎಂದರು.

ನಾನು ಅದುವರೆಗೆ ಅಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ. ಚಪ್ಪಲಿಯ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ದಿನಗಟ್ಟಲೆ ನೆನೆಸಿ ಹದ ಮಾಡುತ್ತಾರೆ. ಅದು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ, ಮಣ್ಣು ಕಲ್ಲು ತಾಳುತ್ತದೆ. ಒಳ್ಳೆಯ ಕ್ರಿಕೆಟ್ ಚೆಂಡಿನ ಚರ್ಮ ಪಟಿಕದಲ್ಲಿ ಹದಗೊಂಡದ್ದು. ಅದು ಬೆಳ್ಳಗೆ ಉಳಿಯುತ್ತದೆ, ಎಳೆದು ಕೂರಿಸಲು ಬಗ್ಗುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಮೇಲೆ ಬಣ್ಣ, ಮೇಣ, ತೆಳುವಾದ ಒಂದು ಲೇಪ. ಆ ಲೇಪ ಉಳಿದಿರುವಷ್ಟು ಹೊತ್ತು ಚೆಂಡಿಗೆ ಮಿಂಚು, ನೀರು ತಡೆಯುವ ಶಕ್ತಿ. ಲೇಪ ಹೋಯಿತೆಂದರೆ ಚರ್ಮ ಇಬ್ಬನಿಯನ್ನೂ ಕುಡಿಯುತ್ತದೆ, ಮಣ್ಣನ್ನೂ ಹಿಡಿಯುತ್ತದೆ. ಚಪ್ಪಲಿಯಂತೆ ಕಲ್ಲಿನ ಮೇಲೆ ನಡೆಯಲು ಮಾಡಿದ ಚರ್ಮ ಅದಲ್ಲ ಎಂದು ಕಾಕಾ ಒಂದೇ ನೋಟಕ್ಕೆ ಹೇಳಿದ್ದರು. ಹೊಲಿದೂ ಕೊಟ್ಟರು, ರೊಕ್ಕ ಮುಟ್ಟಲಿಲ್ಲ. ಆ ಹೊಲಿಗೆಯ ಮೇಲೆ ನಾವು ಇನ್ನೂ ಒಂದು ತಿಂಗಳು ನೆಟ್ಸ್ ಮಾಡಿದೆವು.

ಚೆಂಡಿನ ಒಳಗೆ ಕಾರ್ಕಿನ ಗುಂಡು. ಅದರ ಸುತ್ತ ಬಿಗಿಯಾಗಿ ಸುತ್ತಿದ ಉಣ್ಣೆಯ ದಾರ. ಅದರ ಮೇಲೆ ಚರ್ಮದ ಎರಡು ಬಟ್ಟಲು. ನಾಲ್ಕು ತುಂಡಿನ ಚೆಂಡಿನಲ್ಲಿ ಒಂದೊಂದು ಬಟ್ಟಲನ್ನೂ ಎರಡು ತುಂಡು ಕೂಡಿಸಿ ಒಳಗಿನಿಂದ ಹೊಲಿದಿರುತ್ತಾರೆ. ಒಂದು ಬಟ್ಟಲಿನ ಕೂಡುಗೆರೆ ಇನ್ನೊಂದರದಕ್ಕೆ ಅಡ್ಡಲಾಗಿ ಬರುವಂತೆ ತಿರುಗಿಸಿ ಕೂಡಿಸುತ್ತಾರೆ. ಎರಡು ತುಂಡಿನದರಲ್ಲಿ ಬಟ್ಟಲು ಇಡಿಯಾದ ಒಂದೇ ಚರ್ಮದ್ದು, ಬೆಲೆ ಕಡಿಮೆ. ನಡುವೆ ಆರು ಸಾಲು ಹೊಲಿಗೆ; ಬೌಲರ್‌ಗಳು ಸೀಮ್ ಎನ್ನುವುದು ಅದನ್ನೇ. ಭಾರತದಲ್ಲಿ ಟೆಸ್ಟ್ ಆಡುವ ಎಸ್‌ಜಿ ಚೆಂಡಿನ ಸೀಮ್ ಕೈಹೊಲಿಗೆಯದು, ಎದ್ದು ನಿಲ್ಲುತ್ತದೆ. ಆಸ್ಟ್ರೇಲಿಯಾದ ಕೂಕಬುರಾದಲ್ಲಿ ಹೊರಗಿನ ಸಾಲುಗಳು ಯಂತ್ರದವು, ಬೇಗ ಚಪ್ಪಟೆಯಾಗುತ್ತವೆ. ಇಂಗ್ಲೆಂಡಿನ ಡ್ಯೂಕ್ಸ್ ಹಸಿರು ಹುಲ್ಲಿನ ಮೇಲೆ ಬಹಳ ಹೊತ್ತು ಮಿಂಚು ಕಾಯ್ದುಕೊಳ್ಳುತ್ತದೆ. ಒಂದೇ ನಿಯಮದ ಒಂದೇ ಆಟಕ್ಕೆ ಮೂರು ದೇಶದ ನೆಲ ಮೂರು ಚೆಂಡು ಕೇಳಿದೆ. 2022ರ ಮಾರ್ಚಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶ್ರೀಲಂಕಾದ ವಿರುದ್ಧ ಹಗಲು-ರಾತ್ರಿಯ ಟೆಸ್ಟ್ ನಡೆದಾಗ ಅಲ್ಲಿ ಗುಲಾಬಿ ಚೆಂಡು. ಆ ಬಣ್ಣ ದೀಪದ ಬೆಳಕಿನಲ್ಲಿ ಕಾಣಬೇಕೆಂದು ಅದಕ್ಕೆ ಹೆಚ್ಚಿನ ಲೇಪ ಬಳಿದಿರುತ್ತಾರೆ.

ಇಲ್ಲಿ ಇನ್ನೊಂದು ಆಟದ ಮಾತು ಹೇಳಬೇಕು. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿದ್ದಾನೆ. ಒಂದು ರಜೆಯಲ್ಲಿ ನನ್ನನ್ನು ಚರ್ಚ್ ಸ್ಟ್ರೀಟಿನ ಅಮೀಬಾ ಎಂಬ ಬೌಲಿಂಗ್ ಅಂಗಳಕ್ಕೆ ಕರೆದೊಯ್ದ. ಉದ್ದನೆಯ ನುಣುಪಾದ ಹಲಗೆಯ ದಾರಿ. ಅದರ ಕೊನೆಯಲ್ಲಿ ಹತ್ತು ಪಿನ್ನುಗಳು. ದೊಡ್ಡ ಭಾರದ ಚೆಂಡನ್ನು ಉರುಳಿಸಿ ಅವನ್ನು ಕೆಡವಬೇಕು. ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಚೆಂಡಿನ ತೂಕ ಹೆಚ್ಚೆಂದರೆ 16 ಪೌಂಡು, ಎಂದರೆ ಏಳೂಕಾಲು ಕಿಲೋ. ಅಲ್ಲಿ ಬಾಡಿಗೆಗೆ ಕೊಡುವ ಚೆಂಡು ಬಿಟ್ಟು ತಮ್ಮದೇ ಚೀಲ ತಂದಿದ್ದ ಆಟಗಾರರೊಬ್ಬರನ್ನು ಕಂಡೆ. ಆ ಚೀಲಕ್ಕೆ ಗಾಲಿ ಇತ್ತು, ಅದರಲ್ಲಿ ಮೂರು ಚೆಂಡು ಇದ್ದವು. ಮೂರೇಕೆ ಎಂದು ಕೇಳಿದೆ. ಅವರು ಬಹಳ ತಾಳ್ಮೆಯಿಂದ ವಿವರಿಸಿದರು. ಆಮೇಲೆ ನಾನೂ ಓದಿ ತಿಳಿದುಕೊಂಡೆ.

ಆ ದಾರಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಎಣ್ಣೆ ಸವರಿರುತ್ತಾರೆ. ಸಾಮಾನ್ಯವಾಗಿ ಮೊದಲ 40 ಅಡಿಯಷ್ಟು ಎಣ್ಣೆ, ಕೊನೆಯದು ಒಣ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ, ಒಣ ಜಾಗದಲ್ಲಿ ಹಿಡಿತ ಸಿಕ್ಕು ತಿರುಗುತ್ತದೆ. ಎಷ್ಟು ತಿರುಗುತ್ತದೆ ಎಂಬುದು ಕೈಯ ಜೊತೆಗೆ ಚೆಂಡಿನ ಮೇಲ್ಮೈಯನ್ನೂ ಅವಲಂಬಿಸಿದೆ. ಹಿಂದೆ ಆ ಚೆಂಡುಗಳು ಗಟ್ಟಿ ಕಟ್ಟಿಗೆಯವು. 20ನೆಯ ಶತಮಾನದ ಆರಂಭದಲ್ಲಿ ಗಟ್ಟಿ ರಬ್ಬರು ಬಂತು, ಆಮೇಲೆ ಪಾಲಿಯೆಸ್ಟರ್ ಪ್ಲಾಸ್ಟಿಕ್, 1980ರ ದಶಕದಲ್ಲಿ ಯುರೆಥೇನ್, 1990ರ ದಶಕದಲ್ಲಿ ರಿಯಾಕ್ಟಿವ್ ರೆಸಿನ್. ಪ್ಲಾಸ್ಟಿಕ್ ಮೈಯ ಚೆಂಡು ಎಣ್ಣೆಯಿರಲಿ ಇಲ್ಲದಿರಲಿ ಬಹುಮಟ್ಟಿಗೆ ನೆಟ್ಟಗೆ ಹೋಗುತ್ತದೆ. ಉಳಿದ ಒಂದೇ ಪಿನ್ನನ್ನು ಗುರಿಯಿಟ್ಟು ಕೆಡವಲು ಅದೇ ಬೇಕು. ಯುರೆಥೇನ್ ನಿಧಾನವಾಗಿ, ಒಂದೇ ಸಮನೆ ಬಾಗುತ್ತದೆ; ಎಣ್ಣೆ ಕಡಿಮೆ ಇದ್ದಾಗ ಅದರ ಮೇಲೆ ಭರವಸೆಯಿಡಬಹುದು. ರೆಸಿನ್ನಿನ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅದು ಎಣ್ಣೆಯನ್ನು ಹೀರಿಕೊಂಡು, ಒಣ ಜಾಗ ಸಿಕ್ಕೊಡನೆ ಜೋರಾಗಿ ತಿರುಗುತ್ತದೆ. ಎಣ್ಣೆ ದಪ್ಪವಿದ್ದರೆ ಮರಳುಕಾಗದದಂಥ ಪ್ಯಾಡಿನಿಂದ ಚೆಂಡಿನ ಮೈಯನ್ನು ಇನ್ನಷ್ಟು ಒರಟು ಮಾಡುತ್ತಾರೆ. ತೆಳುವಿದ್ದರೆ ಪಾಲಿಶ್ ಕೊಡುತ್ತಾರೆ. ಆಟ ನಡೆದಂತೆ ಚೆಂಡುಗಳೇ ಎಣ್ಣೆಯನ್ನು ಎತ್ತಿಕೊಂಡು ಹೋಗಿ ದಾರಿ ಬದಲಾಗುತ್ತದೆ. ಆಗ ಚೀಲದಿಂದ ಬೇರೆ ಚೆಂಡು ಹೊರಗೆ ಬರುತ್ತದೆ.

ಅಮೆರಿಕದ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ 1973ರಲ್ಲಿ ಪ್ಲಾಸ್ಟಿಕ್ ಚೆಂಡನ್ನು ಒಂದು ರಾಸಾಯನಿಕದಲ್ಲಿ ನೆನೆಹಾಕಿ ಅದರ ಮೈಯನ್ನು ಮೆತ್ತಗೆ ಮಾಡಿಕೊಂಡ. ಮೆತ್ತಗಾದ ಮೈ ನೆಲವನ್ನು ಹಿಡಿಯಿತು. ಆ ವರ್ಷ ಅವನು ಆರು ಪ್ರಶಸ್ತಿ ಗೆದ್ದ. ಬಳಿಕ ಆಟದ ಸಂಸ್ಥೆಗಳು ಚೆಂಡಿನ ಗಡಸುತನ ಇಷ್ಟಕ್ಕಿಂತ ಕಡಿಮೆ ಇರಬಾರದೆಂದು ನಿಯಮ ಮಾಡಿದವು. ಅದೇ ಕೈ, ಅದೇ ತೋಳು, ಚರ್ಮ ಮಾತ್ರ ಬೇರೆ. ಅದನ್ನು ಓದಿದ ರಾತ್ರಿ ನನಗೆ ಟಿಕೋಟಾದ ಆ ಹುಡುಗನ ಮುಖ ನೆನಪಾಯಿತು. ನಮ್ಮ ಮಕ್ಕಳ ತೋಳಿನಲ್ಲಿ ಕಸುವು ಇಲ್ಲವೆಂದು ಎಷ್ಟು ಸಲ ಬೈದಿದ್ದೇವೆ; ಅವರ ಕೈಯಲ್ಲಿರುವ ಚೆಂಡು ಆ ನೆಲಕ್ಕೆ ತಕ್ಕುದೇ ಎಂದು ಎಷ್ಟು ಸಲ ನೋಡಿದ್ದೇವೆ?

ನಮ್ಮ ನೆಲಕ್ಕೆ ಬರೋಣ.

ಬಿರುಕುಬಿಟ್ಟ ಎರಿಯ ಮೇಲೂ ಗರಸಿನ ಅಂಗಳದ ಮೇಲೂ ಲೆದರ್ ಬಾಲ್ ಬೇಡ. ನಾನು ಇದನ್ನು ಖಚಿತವಾಗಿ ಹೇಳುತ್ತೇನೆ. ಚೆಂಡು ಹರಿಯುವುದು ಸಣ್ಣ ಮಾತು. ದೊಡ್ಡ ಮಾತು ಮಕ್ಕಳ ಮುಖ. ಎರಿಯಲ್ಲಿ ಜೇಡಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬಿರುಕಿನ ಅಂಚಿಗೆ ಬಿದ್ದ ಚೆಂಡು ಎತ್ತ ಹಾರುತ್ತದೆ ಎಂದು ಎಸೆದವನಿಗೂ ತಿಳಿಯದು. ಗರಸಿನಲ್ಲಿ ಒಂದು ಹರಳಿಗೆ ತಾಗಿದರೆ ಮೊಣಕಾಲಿಗೆ ಬರಬೇಕಾದದ್ದು ಹಣೆಗೆ ಬರುತ್ತದೆ. ಅಂಥಲ್ಲಿ ಹಲವರು ಕಾರ್ಕ್ ಬಾಲ್ ತರುತ್ತಾರೆ. ಅದು ಹರಿಯುವುದಿಲ್ಲ, ಅಗ್ಗ, ನಿಜ. ಆದರೆ ಅದು ಅಚ್ಚಿಗೆ ಹಾಕಿ ತೆಗೆದ ಗಟ್ಟಿ ಗುಂಡು. ಒಳಗೆ ದಾರದ ಸುತ್ತಿಲ್ಲ, ಪೆಟ್ಟನ್ನು ನುಂಗುವ ಗುಣವಿಲ್ಲ. ಬ್ಯಾಟು ಸೀಳುತ್ತದೆ, ಬೆರಳು ಮುರಿಯುತ್ತದೆ. ಶಾಲೆಯ ಅಂಗಳಕ್ಕೆ ನಾನದನ್ನು ಬಿಟ್ಟುಕೊಟ್ಟವನಲ್ಲ.

ಅಲ್ಲಿಗೆ ತಕ್ಕದ್ದು ಟೆನ್ನಿಸ್ ಬಾಲ್. ಅದರಲ್ಲೂ ಎರಡು ಜಾತಿ. ನಿಜವಾಗಿ ಟೆನ್ನಿಸ್ ಆಟಕ್ಕೆ ಮಾಡಿದ್ದು 56ರಿಂದ 59.4 ಗ್ರಾಮಿನ ಒಳಗಿರುತ್ತದೆ. ಒಳಗೆ ಒತ್ತಡದ ಗಾಳಿ, ಹೊರಗೆ ಉಣ್ಣೆ ನೈಲಾನ್ ಬೆರೆತ ಜೂಲು. ಡಬ್ಬಿ ತೆರೆದ ದಿನದಿಂದ ಅದರ ಗಾಳಿ ರಬ್ಬರಿನೊಳಗಿಂದಲೇ ಸೋರಲು ತೊಡಗುತ್ತದೆ, ಕೆಲವೇ ವಾರಗಳಲ್ಲಿ ಪುಟಿತ ಸೋಲುತ್ತದೆ. ಕ್ರಿಕೆಟ್ಟಿಗೆಂದೇ ಮಾಡುವ ಭಾರದ ಟೆನ್ನಿಸ್ ಬಾಲಿನ ರಬ್ಬರು ದಪ್ಪ, ಪುಟಿತ ತಗ್ಗಿನದು, ಬಾಳಿಕೆ ಹೆಚ್ಚು. ದೊಡ್ಡ ಹುಡುಗರು ಬರಿನೆಲದಲ್ಲಿ ಆಡುವುದಾದರೆ ಭಾರದ್ದು, ಹತ್ತು ಹನ್ನೆರಡು ವರ್ಷದವರಿಗೆ ಹಗುರಾದದ್ದು. ಎರಿಯ ಮಣ್ಣು ಒದ್ದೆಯಾಗಿರುವ ದಿನ ಜೂಲಿಗೆ ಕೆಸರು ಹತ್ತಿ ಚೆಂಡು ಉಂಡೆಯಾಗುತ್ತದೆ. ಆ ದಿನ ಓಟ ಮಾಡಿಸಿ, ಚೆಂಡು ಒಳಗಿಡಿ.

ನಾವು ಹುಡುಗರಾಗಿದ್ದಾಗ ಇದಾವುದೂ ಇರಲಿಲ್ಲ. ಹಳೆಯ ಧೋತರದ ಚಿಂದಿಯನ್ನು ಉಂಡೆ ಕಟ್ಟಿ, ಸೈಕಲ್ಲಿನ ಹಳೆಯ ಟ್ಯೂಬನ್ನು ಬಳೆಯಂತೆ ಸಣ್ಣಗೆ ಕತ್ತರಿಸಿ, ಒಂದರ ಮೇಲೊಂದು ಅಡ್ಡಡ್ಡ ಏರಿಸುತ್ತಿದ್ದೆವು. ವಿಜಯಪುರ ಸೈಕಲ್ ಓಟಗಾರರ ಜಿಲ್ಲೆ, ಟ್ಯೂಬಿಗೆ ಬರವಿರಲಿಲ್ಲ. ಆ ಟ್ಯೂಬಿನ ಚೆಂಡು ಮಡ್ಡಿಯ ಮೇಲೆ ಎಷ್ಟು ಬೇಕೋ ಅಷ್ಟೇ ಪುಟಿಯುತ್ತಿತ್ತು, ಕಲ್ಲಿಗೆ ಬಡಿದರೂ ಹರಿಯುತ್ತಿರಲಿಲ್ಲ, ಒಂದು ಪಟ್ಟಿ ಹರಿದರೆ ಇನ್ನೊಂದು ಏರಿಸಿದರಾಯಿತು. ಆ ನೆಲಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆಯನ್ನು ನಾನು ಇಂದಿಗೂ ಕಂಡಿಲ್ಲ.

ಸಿಮೆಂಟಿನ ಪಿಚ್ಚಿನ ವಿಚಾರ ಬೇಗ ಮುಗಿಸುತ್ತೇನೆ. ಅಲ್ಲಿ ಪುಟಿತ ಸಮ, ಆದರೆ ಅದು ಉಜ್ಜುಗಲ್ಲಿದ್ದಂತೆ. ಲೆದರಿನ ಲೇಪ ಕೆಲವೇ ಓವರಿನಲ್ಲಿ ಹೋಗುತ್ತದೆ, ಸೀಮ್ ಚಪ್ಪಟೆಯಾಗುತ್ತದೆ. ಬರಿಯ ಸಿಮೆಂಟಿನ ಮೇಲೆ ಅಭ್ಯಾಸಕ್ಕೆ ಸಿಂಥೆಟಿಕ್ ಮೈಯ ಚೆಂಡು ಸಾಕು.

ಮ್ಯಾಟಿನ ಮಾತು ಮಾತ್ರ ಬೇಗ ಮುಗಿಯುವುದಲ್ಲ. ನಮ್ಮಂಥ ಮಳೆ ಕಡಿಮೆಯ ಸೀಮೆಗೆ, ಹುಲ್ಲಿಗೆ ನೀರಿಲ್ಲದ ಊರಿಗೆ, ಮ್ಯಾಟು ದೊಡ್ಡ ವರ. ಅದನ್ನು ಬಡವರ ಪಿಚ್ ಎಂದು ಕೀಳಾಗಿ ನೋಡುವವರಿಗೆ ನಾನು ಲಖನೌದ ಕಥೆ ಹೇಳುತ್ತೇನೆ. 1952ರ ಅಕ್ಟೋಬರಿನಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಮೈದಾನದಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಟೆಸ್ಟ್ ಪಂದ್ಯವಾಯಿತು. ಹಾಸಿದ್ದು ಸೆಣಬಿನ ಮ್ಯಾಟು. ಪಾಕಿಸ್ತಾನದ ಫಜಲ್ ಮಹಮೂದ್ ಆ ಒಂದೇ ಪಂದ್ಯದಲ್ಲಿ 12 ವಿಕೆಟ್ ತೆಗೆದರು. ಪಾಕಿಸ್ತಾನಕ್ಕೆ ಅದು ಮೊಟ್ಟಮೊದಲ ಟೆಸ್ಟ್ ಗೆಲುವು. ಮ್ಯಾಟಿನ ಎಳೆಗಳು ಚೆಂಡಿನ ಸೀಮನ್ನು ಹಲ್ಲಿನಂತೆ ಕಚ್ಚುತ್ತವೆ. ಕಟರ್ ಎಸೆಯುವವನಿಗೂ ಸ್ಪಿನ್ ಮಾಡುವವನಿಗೂ ಅಲ್ಲಿ ಸಿಗುವ ಉತ್ತರ ಬೇರೆಲ್ಲಿಯೂ ಸಿಗದು.

ಮ್ಯಾಟಿನ ಮೇಲೆ ಎರಡು ತುಂಡಿನ ಲೆದರ್ ಬಾಲ್ ಸಾಕು. ನಾಲ್ಕು ತುಂಡಿನದಕ್ಕೆ ದುಡ್ಡು ಸುರಿಯಬೇಡಿ. ಅದರ ಬದಲು ಅದೇ ರೊಕ್ಕಕ್ಕೆ ಎರಡು ಚೆಂಡು ತನ್ನಿ. ಆದರೆ ಸೀಮ್ ಮಾತ್ರ ಎದ್ದಿರಬೇಕು. ಕಾಥಿಯ ಮ್ಯಾಟಿನ ಮೇಲೆ ಪುಟಿತ ಹೆಚ್ಚು, ಹೆಲ್ಮೆಟ್ ಇಲ್ಲದೆ ಯಾರನ್ನೂ ನಿಲ್ಲಿಸಬೇಡಿ. ಮ್ಯಾಟನ್ನು ಎಳೆದು ಮೊಳೆ ಹೊಡೆಯುವುದು ಒಂದು ಕಲೆ. ಸಡಿಲಾದರೆ ಚೆಂಡು ಸತ್ತಂತೆ ಬೀಳುತ್ತದೆ, ಮಡಿಕೆಗೆ ತಾಗಿದರೆ ಹಾರುತ್ತದೆ. ಕೆಳಗಿನ ನೆಲ ಮಣ್ಣಿನದಾಗಿದ್ದರೆ ಹಿಂದಿನ ಸಂಜೆ ನೀರು ಚಿಮುಕಿಸಿ, ಬೆಳಿಗ್ಗೆ ರೋಲರ್ ಎಳೆದು ಆಮೇಲೆ ಹಾಸಿ. ಇದನ್ನು ಹೇಗೆ ಮಾಡಬೇಕೆಂದು ಕೇಳಿದ ಹುಡುಗರಿಗೆ ನಾನು ಹೇಳುವುದು ಒಂದೇ: ನಿಮ್ಮ ಅಜ್ಜನನ್ನು ಕೇಳಿರಿ, ಕಣ ಹೆಂಗ ಮಾಡ್ತಿದ್ರಿ ಅಂತ. ಕೆರೆದು, ನೀರು ಕುಡಿಸಿ, ಎತ್ತು ಕಟ್ಟಿ ತುಳಿಸಿ, ಕಲ್ಲು ಉರುಳಿಸಿ, ಸೆಗಣಿ ಬಳಿದು, ಒಂದು ಬಿರುಕಿಲ್ಲದಂತೆ ಎರಿಯ ಮಣ್ಣನ್ನೇ ಕನ್ನಡಿ ಮಾಡುತ್ತಿದ್ದವರು ಅವರು. ಒಂದು ಕಾಳು ಮಣ್ಣು ಪಾಲಾಗಬಾರದೆಂಬ ಕಾಳಜಿ ಅದರ ಹಿಂದಿತ್ತು. ದೇಶದ ಎಷ್ಟೋ ಟೆಸ್ಟ್ ಪಿಚ್ಚುಗಳು ಇಂಥದೇ ಕಪ್ಪು ಜೇಡಿಯಿಂದ ಆಗಿವೆ. ಜೇಡಿಯನ್ನು ಬಿಗಿಯುವ ವಿದ್ಯೆ ಕಣದ್ದೇ. ರಾಶಿ ಯಂತ್ರ ಬಂದ ಮೇಲೆ ಕಣ ಮಾಡುವವರು ಕಡಿಮೆಯಾದರು. ಬಲ್ಲವರು ಇನ್ನೂ ಊರೂರಲ್ಲಿ ಇದ್ದಾರೆ. ಅವರಿರುವಾಗಲೇ ಒಂದೊಂದು ಊರಿನಲ್ಲಿ ಒಂದೊಂದು ಪಿಚ್ ಆಗಲಿ ಎಂಬುದು ನನ್ನ ಬಹಳ ದಿನದ ಆಸೆ.

ಇನ್ನು ಹೆಣ್ಣುಮಕ್ಕಳ ಮಾತು. ಇದನ್ನು ಹೇಳದೆ ನಾನು ಈ ಮೈಕಿನ ಮುಂದಿನಿಂದ ಏಳುವುದಿಲ್ಲ.

ಕ್ರಿಕೆಟ್ ನಿಯಮದಲ್ಲಿ ಗಂಡಸರ ಚೆಂಡು 155.9ರಿಂದ 163 ಗ್ರಾಂ, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್. ಹೆಂಗಸರದು 140ರಿಂದ 151 ಗ್ರಾಂ, ಸುತ್ತಳತೆ 21ರಿಂದ 22.5. ಹದಿಮೂರರ ಒಳಗಿನ ಮಕ್ಕಳದು ಇನ್ನೂ ಹಗುರ, 133ರಿಂದ 144 ಗ್ರಾಂ. ಇದು ಯಾರಿಗೋ ತೋರಿದ ದಯೆಯಲ್ಲ, ಕೈಯ ಅಳತೆ. ಬೆರಳು ಸೀಮಿನ ಮೇಲೆ ಸರಿಯಾಗಿ ಕೂರದಿದ್ದರೆ ಚೆಂಡು ತಿರುಗದು; ತಿರುಗಿಸಲು ಹೋಗಿ ಮಣಿಕಟ್ಟು, ಭುಜ ನೋಯಿಸಿಕೊಂಡ ಹುಡುಗಿಯರನ್ನು ನಾನು ಕಂಡಿದ್ದೇನೆ. ಒಂದು ಶಾಲೆಯಲ್ಲಿ ಹುಡುಗಿಯರ ತಂಡಕ್ಕೆ ಹುಡುಗರು ಆಡಿಬಿಟ್ಟ ಹಳೆಯ ಚೆಂಡನ್ನೇ ಕೊಡುತ್ತಿದ್ದರು. ಹುಡುಗಿಯರಿಗೆ ಬೇರೆ ಚೆಂಡು ತರಿಸಿರಿ ಎಂದು ನಾನು ಕೇಳಿದಾಗ, ಇವರು ಆಡಿ ಎಲ್ಲಿಗೆ ಹೋಗುವವರಿದ್ದಾರೆ ಎಂಬ ಉತ್ತರ ಬಂತು. ಆ ಮಾತು ನನ್ನೊಳಗೆ ಇನ್ನೂ ಆರಿಲ್ಲ.

ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಉತ್ತರ ಕೊಟ್ಟಿದ್ದಾರೆ. ಎಡಗೈ ಸ್ಪಿನ್ ಬೌಲರ್; 2014ರಲ್ಲಿ ಭಾರತ ತಂಡ ಸೇರಿದರು. 2017ರ ವಿಶ್ವಕಪ್ಪಿನಲ್ಲಿ, ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ ಸೋತರೆ ಮನೆಗೆ ಎನ್ನುವ ಪಂದ್ಯ. ರಾಜೇಶ್ವರಿ 15 ರನ್ನಿಗೆ 5 ವಿಕೆಟ್ ತೆಗೆದರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು, ಭಾರತ ಸೆಮಿಫೈನಲ್ ಮುಟ್ಟಿತು, ಮುಂದೆ ಲಾರ್ಡ್ಸ್‌ನಲ್ಲಿ ಫೈನಲ್ ಆಡಿತು. ಆ ಸಂಜೆ ಅವರ ಬೆರಳುಗಳ ನಡುವೆ ಇದ್ದದ್ದು ಅವರ ಕೈಗೆಂದೇ ತೂಗಿದ ಚೆಂಡು. ಗಂಡುಮಕ್ಕಳ ಸಾಧನೆಯೂ ನಮ್ಮ ಉತ್ತರ ಕರ್ನಾಟಕದಲ್ಲಿ ಕಡಿಮೆಯಿಲ್ಲ. ಗದಗದ ಸುನಿಲ್ ಜೋಶಿ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಹೋಗಿಬರುತ್ತಿದ್ದವರು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಎರಿ ಸೀಮೆಯ ಬೆರಳುಗಳಿಗೆ ಸ್ಪಿನ್ ಒಲಿಯುತ್ತದೆ. ಆ ಬೆರಳುಗಳಿಗೆ ತಕ್ಕ ಚೆಂಡು ಕೊಡುವ ಹೊಣೆ ಹಿರಿಯರಾದ ನಮ್ಮದು.

ಅಂಗಡಿಯಲ್ಲಿ ಚೆಂಡು ಹೇಗೆ ಆರಿಸಬೇಕು ಎಂದು ಕೇಳುವ ತಾಯಂದಿರಿಗೆ, ತಂದೆಯರಿಗೆ ಒಂದು ಸರಳ ಉಪಾಯ ಹೇಳುತ್ತೇನೆ. ಡಬ್ಬಿಯ ಮೇಲಿನ ಹೊಗಳಿಕೆ ಓದಬೇಡಿ. ಪಕ್ಕದ ಕಿರಾಣಿ ಅಂಗಡಿಗೆ ಒಯ್ದು, ಜೀರಿಗೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಡಿ. ಗ್ರಾಮಿನ ಲೆಕ್ಕ ಅಲ್ಲೇ ಸಿಗುತ್ತದೆ. ಅರಿವೆ ಅಳೆಯುವ ಟೇಪು ಸುತ್ತಿದರೆ ಸುತ್ತಳತೆಯೂ ಸಿಗುತ್ತದೆ. ಆಮೇಲೆ ಸಪಾಟು ಫರಸಿಯ ಮೇಲೆ ಮೆಲ್ಲಗೆ ಉರುಳಿಸಿ. ಒಂದು ಕಡೆಗೆ ವಾಲುತ್ತ ಹೋದರೆ ಒಳಗಿನ ಗುಂಡು ನಡುವಿಲ್ಲ. ಎರಡು ಚೆಂಡನ್ನು ಎದೆಯ ಎತ್ತರದಿಂದ ಒಟ್ಟಿಗೆ ಬಿಡಿ, ಯಾವುದು ಹೆಚ್ಚು ಪುಟಿಯಿತು ನೋಡಿ. ಮಕ್ಕಳಿಗೆ ಕಡಿಮೆ ಪುಟಿದದ್ದು. ಹೊಲಿಗೆಯ ಸಾಲಿನ ಮೇಲೆ ಹೆಬ್ಬೆರಳು ಒತ್ತಿ, ಅಲುಗಿದರೆ ಬಿಟ್ಟುಬಿಡಿ.

ಮನೆಯಲ್ಲಿ ಅದನ್ನು ಕಾಯುವುದೂ ಇದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿಟ್ಟ ಲೆದರ್ ಬಾಲ್ ಒಣಗಿ, ಲೇಪ ಬಿರಿದು, ಮರುದಿನ ಎರಡೇ ಪೆಟ್ಟಿಗೆ ಸುಲಿಯುತ್ತದೆ. ಹುಡುಗರು ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾರೆ. ಬೇಡ. ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ಹಿಗ್ಗುತ್ತದೆ, ಹೊಲಿಗೆ ಸಡಿಲುತ್ತದೆ, ಮಣ್ಣು ಅಂಟುತ್ತದೆ. ಪಂದ್ಯದಲ್ಲಾದರೆ ಅದು ತಪ್ಪೂ ಹೌದು. ಎಂಜಲು ಹಚ್ಚಿ ಉಜ್ಜುವುದನ್ನು ಕೊರೋನಾ ಕಾಲದಲ್ಲಿ ನಿಲ್ಲಿಸಿದ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ, 2022ರ ಅಕ್ಟೋಬರಿನಿಂದ ಶಾಶ್ವತವಾಗಿ ನಿಷೇಧಿಸಿತು. ಒಣ ಅರಿವೆ, ಮೈಯ ಬೆವರು, ಇವೆರಡೇ ಸಾಕು. ಒಂದು ಬದಿಯನ್ನು ಮಾತ್ರ ಉಜ್ಜಬೇಕು, ಇನ್ನೊಂದು ತಾನಾಗಿ ಒರಟಾಗಲಿ. ಒಂದು ಬದಿ ನುಣುಪು, ಒಂದು ಬದಿ ಒರಟು ಇದ್ದರೆ ಗಾಳಿ ಎರಡೂ ಬದಿಯಲ್ಲಿ ಬೇರೆ ಬೇರೆಯಾಗಿ ಹರಿದು ಚೆಂಡು ಗಾಳಿಯಲ್ಲಿ ಬಾಗುತ್ತದೆ. ಎರಡೂ ಬದಿ ಉಜ್ಜಿ ಮಿಂಚಿಸಿದ ಹುಡುಗನ ಶ್ರಮ ವ್ಯರ್ಥ. ಟೆನ್ನಿಸ್ ಬಾಲಿಗೆ ಕೆಸರು ಹತ್ತಿದರೆ ತೊಳೆಯಬೇಡಿ. ಒಣಗಿದ ಮೇಲೆ ಹಳೆಯ ಬ್ರಶ್ಶಿನಿಂದ ಝಾಡಿಸಿ.

ಶಾಲಾವರ್ಷದ ಆರಂಭದಲ್ಲಿ ಆಟದ ಸಾಮಾನಿನ ಯಾದಿ ಬರೆಯುವ ಶಿಕ್ಷಕರಲ್ಲಿ, ಊರಿನ ತರುಣ ಸಂಘದವರಲ್ಲಿ ನನ್ನ ವಿನಂತಿ ಇಷ್ಟು. 'ಕ್ರಿಕೆಟ್ ಬಾಲ್, ಒಂದು ಡಜನ್' ಎಂದು ಒಂದೇ ಸಾಲು ಬರೆಯಬೇಡಿ. ಹೊರಗೆ ಹೋಗಿ ನಿಮ್ಮ ಅಂಗಳದ ಮೇಲೆ ಬರಿಗಾಲಲ್ಲಿ ಒಮ್ಮೆ ನಡೆಯಿರಿ. ಹರಳು ಚುಚ್ಚಿದರೆ ಟೆನ್ನಿಸ್ ಬಾಲ್ ಬರೆಯಿರಿ. ಮ್ಯಾಟು ಇದ್ದರೆ ಎರಡು ತುಂಡಿನ ಲೆದರ್. ಹುಡುಗಿಯರದು ಬೇರೆ ಸಾಲಿನಲ್ಲಿ, 140ರಿಂದ 151 ಗ್ರಾಂ ಎಂದು ತೂಕದ ಸಮೇತ ಬರೆಯಿರಿ. ಮ್ಯಾಟು ಇದ್ದವರು ಮಳೆ ಹಿಡಿಯುವ ಮೊದಲು ಅದನ್ನು ಬಿಸಿಲಿಗೆ ಹಾಕಿ, ಝಾಡಿಸಿ, ಸುರುಳಿ ಸುತ್ತಿ, ನೆಲ ಮುಟ್ಟದಂತೆ ಹಲಗೆಯ ಮೇಲಿಡಿ; ಹುಳ ಹತ್ತದಂತೆ ಬೇವಿನ ಸೊಪ್ಪು ಹಾಕಿ. ನಮ್ಮಲ್ಲಿ ಮ್ಯಾಟುಗಳು ಸವೆಯುವುದಕ್ಕಿಂತ ಹೆಚ್ಚಾಗಿ ಮೂಲೆಯಲ್ಲಿ ಕೊಳೆತು ಹಾಳಾಗುತ್ತವೆ.